ಸೆಕೆಯ ಊರಿಗೆ ದಪ್ಪ ಆಯಿಲ್ ಬೇಕಾ?

(ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ವಾಹನ ಇಟ್ಟುಕೊಂಡವರ ಎದುರು ಒಬ್ಬ ಮೆಕ್ಯಾನಿಕ್ ಆಡಿದ ಮಾತುಗಳ ಬರಹ ರೂಪ)

ವರ್ಕ್‌ಶಾಪಿಗೆ ಎಂಜಿನ್ ಆಯಿಲ್ ಬದಲಿಸಲು ಬರುವವರಲ್ಲಿ ಹೆಚ್ಚಿನವರು ಹೇಳುವ ಮಾತು ಒಂದೇ. "ನಮ್ಮದು ಸೆಕೆಯ ಊರು, ಸ್ವಲ್ಪ ದಪ್ಪದ್ದೇ ಹಾಕಿಬಿಡಿ." ಗಾಡಿಯ ಮೇಲಿನ ಪ್ರೀತಿಯಿಂದಲೇ ಹೇಳುತ್ತಾರೆ, ಅದರಲ್ಲಿ ಸಂಶಯ ಇಲ್ಲ. ಆದರೆ ಈಗಿನ ಬಹಳಷ್ಟು ಗಾಡಿಗಳಿಗೆ ಈ ಪ್ರೀತಿಯಿಂದ ಉಪಕಾರಕ್ಕಿಂತ ತೊಂದರೆಯೇ ಜಾಸ್ತಿ. ಯಾಕೆ ಅಂತ ಹೇಳುತ್ತೇನೆ. ದಪ್ಪ ಆಯಿಲ್ ನಿಜವಾಗಿ ಬೇಕಾಗುವ ಸಂದರ್ಭಗಳೂ ಇವೆ. ಅದನ್ನೂ ಹೇಳುತ್ತೇನೆ.

ಮೊದಲು ಡಬ್ಬದ ಮೇಲಿನ ನಂಬರ್ ನೋಡೋಣ. 5ಡಬ್ಲ್ಯು-30 ಅಂತ ಇರುತ್ತದೆ, ಅಥವಾ 15ಡಬ್ಲ್ಯು-40, 20ಡಬ್ಲ್ಯು-50. ಇದು ಅಮೆರಿಕದ ಎಸ್‌ಎಇ ಎಂಬ ಎಂಜಿನಿಯರುಗಳ ಸಂಸ್ಥೆ ಮಾಡಿದ ಲೆಕ್ಕ. ಮೊದಲ ಪಟ್ಟಿ ಬಂದದ್ದು 1911ರಲ್ಲಿ. ಡಬ್ಲ್ಯು ಅಂದರೆ ವಿಂಟರ್, ಚಳಿಗಾಲ. ಅದಕ್ಕಿಂತ ಮೊದಲು ಬರುವ ನಂಬರ್ ಚಳಿಯಲ್ಲಿ ಆಯಿಲ್ ಹೇಗೆ ನಡೆದುಕೊಳ್ಳುತ್ತದೆ ಅಂತ ತಿಳಿಸುತ್ತದೆ. ಅದರ ನಂತರ ಬರುವ ನಂಬರ್ ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಅದು ಎಷ್ಟು ದಪ್ಪ ಉಳಿಯುತ್ತದೆ ಅಂತ.

ಚಳಿಯ ಪರೀಕ್ಷೆ ನಮ್ಮ ಊಹೆಗೂ ಸಿಗದಷ್ಟು ಚಳಿಯಲ್ಲಿ ನಡೆಯುತ್ತದೆ. 15ಡಬ್ಲ್ಯು ಆಯಿಲ್ ಮೈನಸ್ 20 ಡಿಗ್ರಿಯಲ್ಲಿ ಎಂಜಿನ್ ತಿರುಗಲು ಬಿಡಬೇಕು. 5ಡಬ್ಲ್ಯು ಆದರೆ ಮೈನಸ್ 30ರಲ್ಲಿ, 0ಡಬ್ಲ್ಯು ಆದರೆ ಮೈನಸ್ 35ರಲ್ಲಿ. ಕಾಸರಗೋಡಿನಲ್ಲಿ ಧನು ಮಾಸದ ಬೆಳಗ್ಗೆ ತೆಂಗಿನೆಣ್ಣೆ ಬಾಟಲಿಯಲ್ಲಿ ಬೆಳ್ಳಗೆ ಹೆಪ್ಪುಗಟ್ಟಿದರೆ ನಾವು "ಎಂಥ ಚಳಿ" ಅನ್ನುತ್ತೇವೆ. ಅಷ್ಟಕ್ಕೆ 24 ಡಿಗ್ರಿಯ ಆಸುಪಾಸಿಗೆ ಇಳಿದರೆ ಸಾಕು. ಹಾಗಾಗಿ ಚಳಿಗೆ ಸ್ಟಾರ್ಟ್ ಆಗುವುದಿಲ್ಲ ಎಂಬ ಭಯ ನಮಗೆ ಬೇಡ. ಮಡಿಕೇರಿಯಲ್ಲೂ ಬೇಡ. ಗಾಡಿ ತೆಗೆದುಕೊಂಡು ಲಡಾಖಿಗೆ ಹೋಗುವ ಹುಡುಗರು ಮಾತ್ರ ಆ ಮೊದಲ ನಂಬರನ್ನು ಚಳಿಯ ಲೆಕ್ಕದಲ್ಲಿ ನೋಡಿದರೆ ಆಯಿತು.

ಹಾಗಾದರೆ ಇಲ್ಲಿ 20ಡಬ್ಲ್ಯು ಹಾಕಿದರೂ ನಡೆಯುತ್ತದೆ ಅಲ್ವಾ ಅಂತ ಕೇಳಬಹುದು. ಇಲ್ಲೇ ನಾವು ಎಡವುವುದು.

ಎಂಜಿನ್ ಆಯಿಲ್ ಕೆಲಸ ಮಾಡುವುದು 90ರಿಂದ 110 ಡಿಗ್ರಿಯ ಬಿಸಿಯಲ್ಲಿ. ಎಂಜಿನ್ನಿನ ಲೆಕ್ಕದಲ್ಲಿ ನಮ್ಮ ಊರಿನ 27 ಡಿಗ್ರಿಯ ಬೆಳಗ್ಗೆಯೂ ಚಳಿಯೇ. ದಪ್ಪವನ್ನು ಸೆಂಟಿಸ್ಟೋಕ್ಸ್ ಅಂತ ಅಳೆಯುತ್ತಾರೆ. 100 ಡಿಗ್ರಿಯಲ್ಲಿ ಅಳೆದಾಗ 30 ಗ್ರೇಡಿನ ಆಯಿಲ್ 9.3ರಿಂದ 12.5ರ ಒಳಗೆ ಇರಬೇಕು. 40 ಗ್ರೇಡ್ 12.5ರಿಂದ 16.3ರ ಒಳಗೆ, 50 ಗ್ರೇಡ್ 16.3ರಿಂದ 21.9ರ ಒಳಗೆ. ಇದು ಬಿಸಿಯಾದಾಗಿನ ಮಾತು. ಅದೇ 5ಡಬ್ಲ್ಯು-30 ಆಯಿಲನ್ನು 40 ಡಿಗ್ರಿಯಲ್ಲಿ ಅಳೆದರೆ 60, 65 ಬರುತ್ತದೆ. ಬೆಳಗ್ಗೆ ಅಂಗಳದಲ್ಲಿ ನಿಂತ ಗಾಡಿಯ ತಳದ ಆಯಿಲ್ ಚೇಂಬರಿನಲ್ಲಿ ಅದರ ದಪ್ಪ 100 ದಾಟಿರುತ್ತದೆ.

ಅಂದರೆ ಏನಾಯಿತು? ನೀವು "ನೀರಿನ ಹಾಗಿದೆ" ಅನ್ನುವ ಆ ತೆಳು 5ಡಬ್ಲ್ಯು-30 ಬೆಳಗ್ಗೆ ಕೀಲಿ ತಿರುಗಿಸುವಾಗ, ಪೂರ್ತಿ ಬಿಸಿಯಾದ 20ಡಬ್ಲ್ಯು-50ಕ್ಕಿಂತ ಐದು ಪಟ್ಟಿಗೂ ಜಾಸ್ತಿ ದಪ್ಪ ಇರುತ್ತದೆ. ಬೆಳಗ್ಗೆ ಯಾವ ಆಯಿಲೂ ತೆಳು ಅಲ್ಲ. ಎಲ್ಲವೂ ಬೇಕಾದ್ದಕ್ಕಿಂತ ದಪ್ಪವೇ. ಯಾವುದು ಕಡಿಮೆ ದಪ್ಪವೋ ಅದು ಬೇಗ ಮೇಲೆ ಹತ್ತುತ್ತದೆ, ಅಷ್ಟೆ. ಆಯಿಲ್ ಮೇಲೆ ವಾಲ್ವ್ ತೆರೆಸುವ ಕ್ಯಾಮ್‌ಶಾಫ್ಟಿಗೆ, ಎಂಜಿನ್ನಿಗೆ ಗಾಳಿ ತಳ್ಳುವ ಟರ್ಬೊಗೆ ತಲುಪುವವರೆಗಿನ ಆ ಕ್ಷಣಗಳಲ್ಲಿ ಎಂಜಿನ್ ಹಿಂದಿನ ದಿನ ಉಳಿದ ಪಸೆಯ ಮೇಲೆ ತಿರುಗುತ್ತಿರುತ್ತದೆ. ಸವೆತದ ದೊಡ್ಡ ಪಾಲು ಆಗುವುದು ಸ್ಟಾರ್ಟ್ ಮಾಡಿ ಬಿಸಿಯಾಗುವ ಈ ಹೊತ್ತಿನಲ್ಲೇ.

ಇನ್ನು ಹೊರಗಿನ ಸೆಕೆ. ಏಪ್ರಿಲ್ ತಿಂಗಳ ಮಧ್ಯಾಹ್ನ 35 ಡಿಗ್ರಿ, ಜುಲೈ ಮಳೆಯಲ್ಲಿ 25 ಡಿಗ್ರಿ. ಎಂಜಿನ್ ಒಳಗೂ ಅದೇ 10 ಡಿಗ್ರಿ ವ್ಯತ್ಯಾಸ ಆಗುತ್ತದೆ ಅಂತ ನಮಗನಿಸುತ್ತದೆ. ಹಾಗಲ್ಲ. ಅಲ್ಲಿ ಥರ್ಮೋಸ್ಟಾಟ್ ಇದೆ, ರೇಡಿಯೇಟರ್ ಇದೆ, ಫ್ಯಾನ್ ಇದೆ. ಎಂಜಿನ್ ತಣಿಸುವ ದ್ರವ, ಅಂದರೆ ಕೂಲಂಟನ್ನು 90 ಡಿಗ್ರಿಯ ಆಸುಪಾಸಿನಲ್ಲಿ ಹಿಡಿದಿಡುವುದೇ ಅವುಗಳ ಕೆಲಸ. ಕೂಲಂಟ್ ಸರಿ ಇದ್ದರೆ ಆಯಿಲ್ ಕೂಡ ಹದದಲ್ಲೇ ಇರುತ್ತದೆ. ಆಯಿಲನ್ನು ನಿಜವಾಗಿ ಬಿಸಿ ಮಾಡುವುದು ಎಂಜಿನ್ನಿನ ಮೇಲೆ ಬೀಳುವ ಭಾರ. ಚೆರ್ಕಳದಿಂದ ಮುಳ್ಳೇರಿಯ, ಜಾಲ್ಸೂರು, ಸುಳ್ಯ ದಾಟಿ, ಗಾಡಿ ತುಂಬಾ ಜನ ಮತ್ತು ಸಾಮಾನು ಹೇರಿಕೊಂಡು ಎಸಿ ಹಾಕಿ ಸಂಪಾಜೆ ಘಾಟಿ ಹತ್ತುವಾಗ ಆಯಿಲ್ ಬಿಸಿಯಾಗುವಷ್ಟು, ಕಾಸರಗೋಡು ಪೇಟೆಯ ಬಿಸಿಲಿನಲ್ಲಿ ನಿಂತರೆ ಆಗುವುದಿಲ್ಲ.

ಹಾಗಾದರೆ ಹಿರಿಯರು ದಪ್ಪ ಆಯಿಲ್ ಅಂದದ್ದು ಸುಳ್ಳಾ? ಖಂಡಿತ ಅಲ್ಲ. ಅಂಬಾಸಡರ್, ಪದ್ಮಿನಿ, ಜೀಪು ಓಡುತ್ತಿದ್ದ ಕಾಲದಲ್ಲಿ ಅದು ಸರಿಯೇ ಇತ್ತು. ಆ ಎಂಜಿನ್ನುಗಳಲ್ಲಿ ಬೇರಿಂಗಿನ ಸಂದು ಜಾಸ್ತಿ, ಬೇಗ ಸವೆಯುತ್ತಿತ್ತು, ಆಯಿಲ್ ಕೂಡ ಈಗಿನಷ್ಟು ಒಳ್ಳೆಯದಿರಲಿಲ್ಲ. ಬಿಸಿಯಾದರೆ ಪೂರಾ ತೆಳುವಾಗಿ ಪ್ರೆಶರ್ ಲೈಟ್ ಮಿಣುಕುತ್ತಿತ್ತು. 20ಡಬ್ಲ್ಯು-40, 20ಡಬ್ಲ್ಯು-50 ಹಾಕಿದ ನಮ್ಮ ಹಳೆಯ ಮೇಸ್ತ್ರಿಗಳು ತಿಳಿದೇ ಹಾಕಿದವರು. ಅವರ ಕೈಯಲ್ಲಿ ಉಳಿದ ಗಾಡಿಗಳು ಎಷ್ಟೋ. ಎಂಜಿನ್ ಬದಲಾಗಿದೆ, ಮಾತು ಮಾತ್ರ ಹಾಗೇ ಉಳಿದಿದೆ.

ಗಲ್ಫಿನಿಂದ ಬಂದವರೂ ಇದನ್ನೇ ಹೇಳುತ್ತಾರೆ. ಇಲ್ಲಿ ಕೂತವರಲ್ಲಿ ಅರ್ಧ ಮನೆಯವರಿಗಾದರೂ ಅಲ್ಲಿಯ ಸಂಬಂಧ ಇದೆ. "ಅಲ್ಲಿ ನಾವು 20ಡಬ್ಲ್ಯು-50 ಹಾಕಿಯೇ ಓಡಿಸಿದ್ದು" ಅನ್ನುತ್ತಾರೆ. ಅದೂ ಸುಳ್ಳಲ್ಲ. ಅಲ್ಲಿ ಬೇಸಿಗೆಯಲ್ಲಿ 45 ಡಿಗ್ರಿ ದಾಟುತ್ತದೆ, ದೊಡ್ಡ ಎಂಜಿನ್, ಗಂಟೆಗೆ 120 ಕಿಲೋಮೀಟರಿನ ವೇಗದಲ್ಲಿ ಗಂಟೆಗಟ್ಟಲೆ ಓಟ. ಪೆರ್ಲದಿಂದ ಬದಿಯಡ್ಕಕ್ಕೆ ಬಂದು ತರಕಾರಿ ತೆಗೆದುಕೊಂಡು ವಾಪಸ್ ಹೋಗುವ ಒಂದು ಲೀಟರಿನ ಎಂಜಿನ್ನಿಗೆ ಆ ಲೆಕ್ಕ ಹಿಡಿಯುವುದಿಲ್ಲ.

ಒಂದು ಗಾಡಿಯ ಕತೆ ಹೇಳುತ್ತೇನೆ. ಸಣ್ಣ ಪೆಟ್ರೋಲ್ ಕಾರು, ಮ್ಯಾನುಯಲ್‌ನಲ್ಲಿ 0ಡಬ್ಲ್ಯು-20 ಅಂತ ಇದೆ. ಟ್ಯಾಪೆಟ್ ಸೌಂಡ್ ಬರುತ್ತದೆ ಅಂತ ಯಾರೋ 20ಡಬ್ಲ್ಯು-50 ಹಾಕಿಸಿದ್ದರು. ಬಿಸಿಯಾದ ಮೇಲೆ ಸೌಂಡ್ ಸ್ವಲ್ಪ ಕಡಿಮೆಯಾಯಿತು. ಮಾಲೀಕರಿಗೆ ಸಮಾಧಾನ. ಆದರೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಟಕಟಕ ಮೊದಲಿಗಿಂತ ಹೆಚ್ಚು ಹೊತ್ತು. ಪಿಕಪ್ ಇಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಕೊನೆಗೆ ಚೆಕ್ ಎಂಜಿನ್ ಲೈಟ್ ಬಂತು. ಸ್ಕ್ಯಾನರ್ ಹಾಕಿ ನೋಡಿದರೆ ವಾಲ್ವ್ ಟೈಮಿಂಗಿನ ಕೋಡ್.

ಯಾಕೆ ಹೀಗೆ? ಈಗಿನ ಎಂಜಿನ್ನಿನಲ್ಲಿ ಆಯಿಲ್ ಬರೀ ನುಣುಪು ಕೊಡುವುದಿಲ್ಲ, ಕೈ ಹಾಕಿ ಕೆಲಸವನ್ನೂ ಮಾಡುತ್ತದೆ. ವಾಲ್ವ್ ಯಾವಾಗ ತೆರೆಯಬೇಕು ಎಂಬುದನ್ನು ಹಿಂದೆ ಮುಂದೆ ಮಾಡುವ ವಿವಿಟಿ ತಿರುಗುವುದು ಆಯಿಲ್ ಪ್ರೆಶರಿನಿಂದ. ಅದಕ್ಕೆ ಆಯಿಲ್ ಬಿಡುವ ಸಣ್ಣ ವಾಲ್ವ್ ಒಂದಿದೆ, ಅದರ ಬಾಯಲ್ಲಿ ಬಲೆಯಂಥ ಜಾಲರಿ. ಕಂಪ್ಯೂಟರ್ "ಇಷ್ಟು ತಿರುಗು" ಅಂದಾಗ ಇಷ್ಟೇ ಹೊತ್ತಿನಲ್ಲಿ ತಿರುಗಬೇಕು ಎಂಬ ಲೆಕ್ಕ ಇರುತ್ತದೆ. ಆಯಿಲ್ ದಪ್ಪವಾದರೆ ತಡವಾಗುತ್ತದೆ. ತಡವಾದರೆ ಲೈಟ್. ಆ ಗಾಡಿಗೆ ಸರಿಯಾದ ಗ್ರೇಡ್ ಹಾಕಿ, ಫಿಲ್ಟರ್ ಬದಲಿಸಿ, ಆ ಜಾಲರಿ ತೊಳೆದು ಕೊಟ್ಟೆವು. ಬೇರೆ ಸಾಮಾನು ಏನೂ ಹಾಕಲಿಲ್ಲ.

ಪ್ರೆಶರಿನ ಬಗ್ಗೆ ಇನ್ನೊಂದು ಮಾತು. ದಪ್ಪ ಆಯಿಲ್ ಹಾಕಿದರೆ ಪ್ರೆಶರ್ ಜಾಸ್ತಿ ತೋರಿಸುತ್ತದೆ, ನಿಜ. ಪ್ರೆಶರ್ ಮಿತಿ ಮೀರಿದಾಗ ಪಂಪಿನ ರಿಲೀಫ್ ವಾಲ್ವ್ ತೆರೆದು ಆಯಿಲನ್ನು ವಾಪಸ್ ಬಿಡುತ್ತದೆ. ಅಂದರೆ ಮೀಟರಿನಲ್ಲಿ ಪ್ರೆಶರ್ ಇದೆ, ಬೇರಿಂಗಿಗೆ ಹೋಗುವ ಆಯಿಲ್ ಕಡಿಮೆ. ಬೇರಿಂಗಿನ ಬಿಸಿಯನ್ನು ಹೊತ್ತು ತರುವುದು ಹರಿಯುವ ಆಯಿಲ್. ಹರಿವು ಕಡಿಮೆಯಾದರೆ ಬಿಸಿ ಅಲ್ಲೇ ನಿಲ್ಲುತ್ತದೆ.

ಈಗ ತೆಳು ಆಯಿಲಿನ ಬಗ್ಗೆ ಜನರಿಗಿರುವ ಸಂಶಯಕ್ಕೆ ಬರುತ್ತೇನೆ. "ಮೈಲೇಜ್ ತೋರಿಸಲು ಕಂಪನಿಯವರು ತೆಳು ಮಾಡುತ್ತಾರೆ" ಎಂಬ ಮಾತಿನಲ್ಲಿ ನಿಜ ಇದೆ. ತೆಳು ಆಯಿಲಿನಿಂದ ಇಂಧನ ಶೇಕಡಾ ಒಂದೆರಡು ಉಳಿಯುತ್ತದೆ. ಸರಕಾರದ ಇಂಧನ ಉಳಿತಾಯದ ನಿಯಮ ಪಾಲಿಸಲು ಕಂಪನಿಗಳಿಗೆ ಅದು ಬೇಕು. ಕೆಲವು ಹೈಬ್ರಿಡ್ ಗಾಡಿಗಳಿಗೆ ಈಗ 0ಡಬ್ಲ್ಯು-16 ಬಂದಿದೆ. ಆದರೆ ಆ ಎಂಜಿನ್ನಿನ ಬೇರಿಂಗ್, ಪಂಪು, ಪಿಸ್ಟನ್ ರಿಂಗ್ ಎಲ್ಲವನ್ನೂ ಆ ಆಯಿಲಿಗೆ ಹೊಂದಿಸಿಯೇ ಮಾಡಿರುತ್ತಾರೆ. ಹಳೆಯ ಎಂಜಿನ್ನಿಗೆ 0ಡಬ್ಲ್ಯು-20 ಹಾಕಿದರೆ ಅದು ತಪ್ಪು. 30 ಬೇಕು ಅಂದ ಗಾಡಿಗೆ ಮೈಲೇಜ್ ಆಸೆಗೆ 20 ಹಾಕುವುದು, 20 ಬೇಕು ಅಂದ ಗಾಡಿಗೆ ಭಯಕ್ಕೆ 50 ಹಾಕುವುದಕ್ಕಿಂತ ಅಪಾಯ. ದಪ್ಪದಿಂದ ತೊಂದರೆ ನಿಧಾನವಾಗಿ ಬರುತ್ತದೆ. ತೀರಾ ತೆಳುವಾದರೆ ಲೋಡಿನಲ್ಲಿ ಪದರ ಹರಿದು ಲೋಹಕ್ಕೆ ಲೋಹ ತಾಗುತ್ತದೆ.

ಆ ಪದರ ಎಷ್ಟು ಗಟ್ಟಿ ಎಂಬುದಕ್ಕೂ ಒಂದು ಪರೀಕ್ಷೆ ಇದೆ. ಆಯಿಲನ್ನು 150 ಡಿಗ್ರಿಗೆ ಬಿಸಿ ಮಾಡಿ, ಬೇರಿಂಗಿನಲ್ಲಿ ಆಗುವ ಹಾಗೆ ಜೋರಾಗಿ ಉಜ್ಜಿ, ಆಗ ಎಷ್ಟು ದಪ್ಪ ಉಳಿಯಿತು ಅಂತ ಅಳೆಯುತ್ತಾರೆ. ಎಚ್‌ಟಿಎಚ್‌ಎಸ್ ಅನ್ನುತ್ತಾರೆ. ಇದರ ಅಳತೆ ಬೇರೆ, ಮೊದಲು ಹೇಳಿದ ಸೆಂಟಿಸ್ಟೋಕ್ಸ್ ಅಲ್ಲ. 20 ಗ್ರೇಡಿಗೆ ಕನಿಷ್ಠ 2.6 ಬೇಕು, 30ಕ್ಕೆ 2.9, 5ಡಬ್ಲ್ಯು-40ಕ್ಕೆ 3.5, 15ಡಬ್ಲ್ಯು-40ಕ್ಕೆ 3.7. 30 ಗ್ರೇಡಿನಲ್ಲೇ 2.9ರದ್ದೂ ಸಿಗುತ್ತದೆ, 3.5 ದಾಟಿದ್ದೂ ಸಿಗುತ್ತದೆ. ಯುರೋಪಿನ ಗಾಡಿ ಕಂಪನಿಗಳ ಸಂಘ ಎಸಿಇಎ ಕೊಡುವ ದರ್ಜೆ ಸಿ3 ಅಂತ ಡಬ್ಬದ ಮೇಲೆ ಇದ್ದರೆ ಅದು 3.5ಕ್ಕೆ ಕಡಿಮೆ ಇಲ್ಲದ್ದು. ಹಾಗಾಗಿ ಎರಡು ಡಬ್ಬದಲ್ಲೂ 5ಡಬ್ಲ್ಯು-30 ಅಂತ ಇದ್ದ ಮಾತ್ರಕ್ಕೆ ಎರಡೂ ಒಂದೇ ಆಯಿಲ್ ಅಲ್ಲ. ಮ್ಯಾನುಯಲ್‌ನಲ್ಲಿ ಗ್ರೇಡಿನ ಜೊತೆಗೆ ಬರೆದ ಅಕ್ಷರಗಳನ್ನೂ ನೋಡಬೇಕು ಅನ್ನುವುದು ಇದಕ್ಕೆ.

ಸರಿ, ದಪ್ಪ ಯಾವಾಗ ಬೇಕು? ಮ್ಯಾನುಯಲ್ ತೆರೆದು ನೋಡಿ. ಕೆಲವು ಗಾಡಿಗಳಿಗೆ ಒಂದೇ ಗ್ರೇಡ್ ಕೊಟ್ಟಿರುತ್ತಾರೆ. ಅಲ್ಲಿಗೆ ಮಾತು ಮುಗಿಯಿತು, ಅದನ್ನೇ ಹಾಕಿ. ಇನ್ನು ಕೆಲವಕ್ಕೆ ಒಂದು ಚಾರ್ಟ್ ಇರುತ್ತದೆ. ಹೊರಗಿನ ಉಷ್ಣತೆ ಇಷ್ಟರಿಂದ ಇಷ್ಟು ಇದ್ದರೆ ಈ ಗ್ರೇಡ್, ಅಷ್ಟಿದ್ದರೆ ಆ ಗ್ರೇಡ್ ಅಂತ. ನಿಮ್ಮ ತೀರ್ಮಾನಕ್ಕೆ ಜಾಗ ಇರುವುದು ಆ ಚಾರ್ಟಿನ ಒಳಗೆ. ಹೆಚ್ಚು ಭಾರ ಅಥವಾ ಹೆಚ್ಚು ವೇಗದಲ್ಲಿ ಓಡಿಸುವವರಿಗೆ ಸ್ವಲ್ಪ ದಪ್ಪದ್ದು ಒಳ್ಳೆಯದು ಅಂತ ಕೆಲವು ಮ್ಯಾನುಯಲ್‌ಗಳೇ ಹೇಳುತ್ತವೆ. ದಿನಾ ಪಾಣತ್ತೂರು ಕಡೆಯ ಏರು ಹತ್ತಿಳಿಯುವ ಟ್ಯಾಕ್ಸಿ ಜೀಪು, ಗೊಬ್ಬರ ಹೇರುವ ಪಿಕಪ್, ವಾರಕ್ಕೆ ನಾಲ್ಕು ಸಲ ಘಾಟಿ ಹತ್ತುವ ಗಾಡಿ, ಇವಕ್ಕೆ ಚಾರ್ಟಿನಲ್ಲಿ 30 ಮತ್ತು 40 ಎರಡೂ ಇದ್ದರೆ ನಾನು 40 ಹಾಕುತ್ತೇನೆ. ಅದೇ ಗಾಡಿ ಮನೆ, ಶಾಲೆ, ಪೇಟೆ ಅಂತ ಓಡುತ್ತಿದ್ದರೆ 30. ಎರಡು ಲಕ್ಷ ಕಿಲೋಮೀಟರ್ ಓಡಿ ಆಯಿಲ್ ತಿನ್ನಲು ಶುರು ಮಾಡಿದ ಹಳೆಯ ಎಂಜಿನ್ನಿಗೆ ಒಂದು ಮೆಟ್ಟಿಲು ಮೇಲೆ ಹೋಗುವುದರಲ್ಲಿ ಅರ್ಥ ಇದೆ. 5ಡಬ್ಲ್ಯು-30ರಿಂದ 5ಡಬ್ಲ್ಯು-40ಕ್ಕೆ. ಒಂದೇ ಮೆಟ್ಟಿಲು, ಮೂರಲ್ಲ. ಆದರೆ ರಿಂಗ್ ಹೋಗಿ ನೀಲಿ ಹೊಗೆ ಬರುತ್ತಿದ್ದರೆ ಯಾವ ಆಯಿಲೂ ಅದನ್ನು ಗುಣ ಮಾಡುವುದಿಲ್ಲ. ಎಂಜಿನ್ ಬಿಚ್ಚಲೇಬೇಕು.

ಟರ್ಬೊ ಇರುವ ಗಾಡಿಯವರು ಸ್ವಲ್ಪ ಗಮನ ಕೊಡಿ. ಟರ್ಬೊದ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಜಾಸ್ತಿ ತಿರುಗುತ್ತದೆ, ಆಯಿಲಿನ ಪದರದ ಮೇಲೆಯೇ. ಘಾಟಿ ಹತ್ತಿ ಬಂದು ತಕ್ಷಣ ಆಫ್ ಮಾಡಿದರೆ ಆಯಿಲ್ ನಿಂತುಬಿಡುತ್ತದೆ, ಕಾದ ಶಾಫ್ಟಿನ ಹತ್ತಿರ ಸುಟ್ಟು ಕರಿಯಾಗುತ್ತದೆ. ಒಂದು ನಿಮಿಷ ಐಡಲಿನಲ್ಲಿ ಬಿಡಿ. ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್ನುಗಳಿಗೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಎಪಿಐ ಎಸ್‌ಪಿ ಎಂಬ ದರ್ಜೆ 2020ರಲ್ಲಿ ಬಂದಿದೆ. ಕಡಿಮೆ ವೇಗದಲ್ಲಿ ಜೋರಾಗಿ ಎಕ್ಸಲರೇಟರ್ ಒತ್ತಿದಾಗ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಉರಿದು ಪಿಸ್ಟನ್ ಒಡೆಯುವುದನ್ನು ತಡೆಯುವ ಪರೀಕ್ಷೆ ಅದರಲ್ಲಿದೆ. ಅಂಥ ಗಾಡಿಗೆ ಹಳೆಯ ಎಸ್‌ಎಲ್, ಎಸ್‌ಎಂ ದರ್ಜೆಯ ಡಬ್ಬ ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ.

ಡೀಸೆಲಿನವರಿಗೆ ಇನ್ನೂ ಮುಖ್ಯ. 2020ರ ಏಪ್ರಿಲ್ 1ರಿಂದ ಗಾಡಿಗಳ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂತು. ಅದರ ಜೊತೆ ಡೀಸೆಲ್ ಕಾರಿನ ಸೈಲೆನ್ಸರ್ ಪೈಪಿನಲ್ಲಿ ಡಿಪಿಎಫ್ ಎಂಬ ಫಿಲ್ಟರ್ ಬಂತು. ಅದು ಹೊಗೆಯ ಮಸಿ ಹಿಡಿಯುತ್ತದೆ, ಆಮೇಲೆ ಸುಟ್ಟು ಖಾಲಿ ಮಾಡುತ್ತದೆ. ಮಸಿ ಸುಡುತ್ತದೆ, ಆದರೆ ಆಯಿಲಿನಲ್ಲಿರುವ ಲೋಹದ ಅಂಶ ಬೂದಿಯಾಗಿ ಅಲ್ಲೇ ಉಳಿಯುತ್ತದೆ. ಅದಕ್ಕೇ ಬೂದಿ ಕಡಿಮೆ ಇರುವ ಆಯಿಲ್ ಬೇಕು. ಮ್ಯಾನುಯಲ್‌ನಲ್ಲಿ ಎಸಿಇಎ ಸಿ2, ಸಿ3 ಅಂತ ಬರೆದಿರುವುದು ಅದಕ್ಕೆ. ತೋಟದ ಪಂಪಿಗೆ, ಟಿಲ್ಲರಿಗೆ ತಂದ 15ಡಬ್ಲ್ಯು-40 ಡಬ್ಬದಲ್ಲಿ ಎರಡು ಲೀಟರ್ ಉಳಿದಿದೆ ಅಂತ ಅದನ್ನು ಇಂಥ ಕಾರಿಗೆ ಹಾಕಬೇಡಿ. ಆ ಆಯಿಲ್ ಕೆಟ್ಟದ್ದಲ್ಲ, ಟಿಲ್ಲರಿಗೆ ಅದೇ ಸರಿ. ಡಿಪಿಎಫ್ ಬದಲಿಸಲು ಎಷ್ಟು ಖರ್ಚಾಗುತ್ತದೆ ಅಂತ ಒಮ್ಮೆ ಶೋರೂಮಿನಲ್ಲಿ ವಿಚಾರಿಸಿ ನೋಡಿ.

ಬೈಕಿನದ್ದು ಬೇರೆಯೇ ಲೆಕ್ಕ. ಕ್ಲಚ್ ಆಯಿಲಿನಲ್ಲೇ ಮುಳುಗಿರುತ್ತದೆ, ಡಬ್ಬದ ಮೇಲೆ ಜಪಾನಿನ ದರ್ಜೆ ಜಾಸೊ ಎಂಎ ಅಥವಾ ಎಂಎ2 ಅಂತ ಇರುವುದನ್ನೇ ಹಾಕಬೇಕು. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು.

ಇಷ್ಟೆಲ್ಲ ಗ್ರೇಡಿನ ಬಗ್ಗೆ ಹೇಳಿದೆ. ಆದರೆ ನನ್ನ ಕೆಲಸದಲ್ಲಿ ನೋಡುವ ಹಾಳಾದ ಎಂಜಿನ್ನುಗಳಲ್ಲಿ ಗ್ರೇಡ್ ತಪ್ಪಿದ್ದಕ್ಕಿಂತ ಆಯಿಲ್ ಕಡಿಮೆಯಾದದ್ದು, ಹೊತ್ತಿಗೆ ಬದಲಿಸದೆ ಇದ್ದದ್ದು ಜಾಸ್ತಿ. ಹಾಗಾಗಿ ಡಿಪ್‌ಸ್ಟಿಕ್, ಅಂದರೆ ಆಯಿಲಿನ ಮಟ್ಟ ತೋರಿಸುವ ಕಡ್ಡಿ, ನೋಡುವುದನ್ನು ಕಲಿತುಕೊಳ್ಳಿ. ನಮ್ಮ ಕಡೆ ಮನೆಗಳೆಲ್ಲ ಗುಡ್ಡದ ಬದಿಯಲ್ಲಿ, ಮುರಕಲ್ಲು ಕಡಿದ ಅಂಗಳ, ಅರ್ಧಕ್ಕರ್ಧ ಇಳಿಜಾರು. ಅಲ್ಲಿ ನಿಂತ ಗಾಡಿಯ ಡಿಪ್‌ಸ್ಟಿಕ್ ಸರಿ ಹೇಳುವುದಿಲ್ಲ. ಸಪಾಟು ಜಾಗಕ್ಕೆ ತನ್ನಿ. ಎಂಜಿನ್ ಆಫ್ ಮಾಡಿ ಐದು ನಿಮಿಷ ಬಿಡಿ, ಮೇಲಿನ ಆಯಿಲ್ ಚೇಂಬರಿಗೆ ಇಳಿಯಲಿ. ಕಡ್ಡಿ ಎಳೆಯಿರಿ, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ತಳ್ಳಿ, ಮತ್ತೆ ಎಳೆಯಿರಿ. ಈಗ ನೋಡಿ. ಎರಡು ಗುರುತಿನ ನಡುವೆ, ಮೇಲಿನ ಗುರುತಿಗೆ ಹತ್ತಿರ ಇರಬೇಕು. ಎಷ್ಟೋ ಕಾರುಗಳಲ್ಲಿ ಆ ಎರಡು ಗುರುತಿನ ನಡುವಿನ ಅಂತರ ಒಂದು ಲೀಟರಿನ ಆಸುಪಾಸು. ಸಣ್ಣ ಕಾರಿನಲ್ಲಿ ಒಟ್ಟು ಇರುವುದೇ ಮೂರು, ಮೂರೂವರೆ ಲೀಟರ್. ಕೆಳಗಿನ ಗುರುತಿಗೆ ಬಂತು ಅಂದರೆ ಮೂರರಲ್ಲಿ ಒಂದು ಪಾಲು ಆಯಿಲ್ ಇಲ್ಲ ಅಂತ ಅರ್ಥ.

ಬೆರಳಿಗೆ ತಾಗಿಸಿ, ಮೂಸಿ ನೋಡಿ. ಡೀಸೆಲ್ ಗಾಡಿಯ ಆಯಿಲ್ ಹಾಕಿದ ಕೆಲವೇ ದಿನಕ್ಕೆ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಡಿ. ಆದರೆ ಡೀಸೆಲ್ ವಾಸನೆ ಬಂದು, ಮಟ್ಟ ಮೇಲಿನ ಗುರುತು ದಾಟಿದ್ದರೆ, ಡಿಪಿಎಫ್ ಸುಡಲು ಬಿಟ್ಟ ಡೀಸೆಲ್ ಕೆಳಗಿಳಿದು ಆಯಿಲಿಗೆ ಸೇರಿದೆ ಅಂತ ಲೆಕ್ಕ. ದಿನಾ ಮೂರು ನಾಲ್ಕು ಕಿಲೋಮೀಟರ್ ಮಾತ್ರ ಓಡುವ ಗಾಡಿಗಳಲ್ಲಿ ಇದು ಆಗುತ್ತದೆ. ಆಗ 5ಡಬ್ಲ್ಯು-30 ಅಂತ ಹಾಕಿದ್ದು ಒಳಗೆ 30 ಆಗಿ ಉಳಿದಿರುವುದಿಲ್ಲ. ಚಹಾದ ಬಣ್ಣಕ್ಕೆ ತಿರುಗಿ ನೊರೆ ಕಂಡರೆ ನೀರು ಸೇರಿದೆ. ಮಳೆಗಾಲದಲ್ಲಿ ತುಂಬಿದ ತೋಡು ದಾಟಿಸಿದ ಗಾಡಿಯಾದರೆ ಸ್ಟಾರ್ಟ್ ಮಾಡಲೇಬೇಡಿ, ಎಳೆಸಿಕೊಂಡೇ ತನ್ನಿ.

ಬದಲಿಸುವ ಹೊತ್ತು ಸಾಮಾನ್ಯವಾಗಿ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಈ "ಒಂದು ವರ್ಷ" ಎಂಬುದನ್ನು ಜನ ಬಿಟ್ಟುಬಿಡುತ್ತಾರೆ. ಮಗ ಗಲ್ಫಿನಲ್ಲಿ, ಗಾಡಿ ಶೆಡ್ಡಿನಲ್ಲಿ, ವರ್ಷಕ್ಕೆ ಸಾವಿರ ಕಿಲೋಮೀಟರ್ ಓಟ. ಓಡಿಯೇ ಇಲ್ಲವಲ್ಲ, ಯಾಕೆ ಬದಲಿಸಬೇಕು ಅನ್ನುತ್ತಾರೆ. ನಮ್ಮ ಮಳೆಗಾಲದ ತೇವ ಎಂಜಿನ್ ಒಳಗೂ ಕೂತಿರುತ್ತದೆ. ಪೂರ್ತಿ ಬಿಸಿಯಾಗದ ಎಂಜಿನ್ನಿನಲ್ಲಿ ಅದು ಆವಿಯಾಗಿ ಹೋಗುವುದೇ ಇಲ್ಲ. ಅಂಥ ಗಾಡಿಗೆ ವರ್ಷಕ್ಕೊಮ್ಮೆ ಬದಲಿಸಲೇಬೇಕು. ವಾರಕ್ಕೊಮ್ಮೆ ಶೆಡ್ಡಿನಲ್ಲಿ ಐದು ನಿಮಿಷ ಸ್ಟಾರ್ಟ್ ಮಾಡಿಡುವುದು ಉಪಾಯ ಅಲ್ಲ. ಇಪ್ಪತ್ತು ಕಿಲೋಮೀಟರ್ ಓಡಿಸಿ ತನ್ನಿ.

ಮನೆಯಲ್ಲೇ ಬದಲಿಸುವವರು ತೆಗೆದ ಕರಿ ಆಯಿಲನ್ನು ಅಂಗಳದ ಮೂಲೆಗೆ, ಬೇಲಿಯ ಬುಡಕ್ಕೆ ಸುರಿಯಬೇಡಿ. ನಮ್ಮ ಮಣ್ಣು ಮುರಕಲ್ಲಿನದ್ದು, ತೂತು ತೂತು. ಮೇಲೆ ಸುರಿದದ್ದು ಕೆಳಗೆ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗಕ್ಕೆ, ಬಾವಿಗೆ ಇಳಿಯುತ್ತದೆ. ಕುಡಿಯುವ ನೀರಿಗೆ ಇಂದಿಗೂ ಸುರಂಗವನ್ನೇ ನಂಬಿದ ಮನೆಗಳು ನಮ್ಮ ನಡುವೆ ಇವೆ. ಹಳೆಯ ಡಬ್ಬಕ್ಕೆ ತುಂಬಿ ವರ್ಕ್‌ಶಾಪಿಗೆ ತನ್ನಿ. ನಮ್ಮಿಂದ ಅದನ್ನು ಕೊಂಡುಹೋಗುವವರಿದ್ದಾರೆ.

ಮಾಷ್ಟ್ರು ಒಂದು ಪ್ರಶ್ನೆ ಕೇಳಿದರು. ರಾತ್ರಿ ಮಂಗಳೂರಿನ ಆಸ್ಪತ್ರೆಗೆ ಹೊರಟಿದ್ದೇವೆ, ಉಪ್ಪಳದ ಹತ್ತಿರ ಆಯಿಲ್ ಲೈಟ್ ಬಂತು, ಪೆಟ್ರೋಲ್ ಬಂಕಿನಲ್ಲಿ ನಮ್ಮ ಗ್ರೇಡ್ ಇಲ್ಲ. ಏನು ಮಾಡುವುದು?

ಮಾಷ್ಟ್ರೆ, ಕೆಂಪು ಆಯಿಲ್ ಲೈಟ್ ಬಂದರೆ ಮೊದಲು ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. "ಬಂಕಿನವರೆಗೆ ಹೋಗಿ ನೋಡುವ" ಅಂತ ಓಡಿಸಬೇಡಿ. ಆ ಲೈಟ್ ಬರುವುದು ಪ್ರೆಶರ್ ಹೋದ ಮೇಲೆ, ಅಲ್ಲಿಂದ ಎಂಜಿನ್ ಜಾಮ್ ಆಗಿ ಹಿಡಿದುಕೊಳ್ಳಲು ಹೆಚ್ಚು ಹೊತ್ತು ಬೇಡ. ರೋಗಿ ಇದ್ದರೆ ಬೇರೆ ಗಾಡಿ ಕರೆಸಿ ಮೊದಲು ಕಳಿಸಿ. ಆಮೇಲೆ ಡಿಪ್‌ಸ್ಟಿಕ್ ನೋಡಿ. ಕಡಿಮೆ ಇದ್ದರೆ ಸಿಗುವ ಕಾರಿನ ಆಯಿಲ್ ಯಾವುದೇ ಇರಲಿ, ತಂದು ಹಾಕಿ. 0ಡಬ್ಲ್ಯು-20 ಗಾಡಿಗೆ ಒಂದು ಲೀಟರ್ 15ಡಬ್ಲ್ಯು-40 ಬಿದ್ದರೆ ಏನೂ ಆಗುವುದಿಲ್ಲ, ಬೇರೆ ಬೇರೆ ಕಂಪನಿಯ ಎಂಜಿನ್ ಆಯಿಲ್ ಒಂದಕ್ಕೊಂದು ಸೇರುತ್ತದೆ. ಆಯಿಲ್ ಇಲ್ಲದೆ ಓಡುವುದಕ್ಕಿಂತ ತಪ್ಪು ಗ್ರೇಡಿನಲ್ಲಿ ಓಡುವುದು ಸಾವಿರ ಪಾಲು ವಾಸಿ. ಹಾಕಿದ ಮೇಲೆ ಸ್ಟಾರ್ಟ್ ಮಾಡಿ ಲೈಟ್ ಹೋಯಿತಾ ನೋಡಿ. ಹೋದರೆ ನಿಧಾನವಾಗಿ ಬನ್ನಿ, ಮರುದಿನವೇ ಪೂರ್ತಿ ಆಯಿಲ್, ಫಿಲ್ಟರ್ ಬದಲಿಸಿ, ಎಲ್ಲಿ ಸೋರಿತು ಅಂತ ನೋಡಿಸಿ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಸರಿಯಾಗಿಯೇ ಇದ್ದು ಲೈಟ್ ಉರಿಯುತ್ತಿದ್ದರೆ ಸ್ಟಾರ್ಟ್ ಮಾಡಬೇಡಿ. ಅದು ಪಂಪಿನದ್ದೋ ಸೆನ್ಸರಿನದ್ದೋ ಅಂತ ಮೀಟರ್ ಹಾಕಿಯೇ ನೋಡಬೇಕು, ಅಲ್ಲಿವರೆಗೆ ಗಾಡಿ ಅಲ್ಲೇ ಇರಲಿ.